ಅವನು ಬಂದ ಎಂದು ನಾನು ಹೇಳಿದ್ದು

ನಾನು ಮೊದಲಿನಿಂದಲೂ ಸ್ವಲ್ಪ ಸಿಡುಕಿ. ಸೀರಿಯಲ್ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾರೋ ಬರೆದುಕೊಟ್ಟ ಮಾತನ್ನು ಇನ್ಯಾರೋ ಒಪ್ಪಿಸಿದರೆ ನಿಮಗ್ಯಾಕೆ ಕಣ್ಣೀರು ಎಂದು ಮುಖಕ್ಕೇ ಕೇಳಿದ್ದೂ ಉಂಟು. ಅಂಥವಳು ಒಂದು ಶನಿವಾರ ಮಧ್ಯಾಹ್ನ ಗುಬ್ಬಿಯಿಂದ ತುಮಕೂರಿಗೆ ಹೋಗುವ ಬಸ್ಸಿನಲ್ಲಿ ಕೂತು, ಒಂದು ಹರಕು ಪ್ರೇಮಕಾದಂಬರಿಯ ಕೊನೆಯ ಪುಟಗಳನ್ನು ಓದಿ ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ, ಯಾರಾದರೂ ಹೋಗಿಬಿಟ್ಟರಾ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ತೊಡೆಯ ಮೇಲಿದ್ದ ಪುಸ್ತಕ ನೋಡಿ ಅವರು ಆ ಕಡೆ ತಿರುಗಿಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ತುಮಕೂರಿನ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ. ಊಟದ ಹೊತ್ತಿನಲ್ಲಿ ಯಾರಾದರೂ ಪುಸ್ತಕ ಓದಿ ಏನಾಗಬೇಕು ಎಂದರೆ ಸಾಮಾನ್ಯವಾಗಿ ಸುಮ್ಮನಿರುತ್ತೇನೆ. ಹೇಳಲು ಹೊರಟರೆ ಕೊಬ್ಬರಿಯಿಂದ ಶುರು ಮಾಡಬೇಕಾಗುತ್ತದೆ, ಅಷ್ಟು ಹೊತ್ತು ಯಾರು ಕೇಳುತ್ತಾರೆ. ಇಲ್ಲಿ ಬರೆದರೆ ಓದುವವರು ಓದಲಿ. ನನಗಂತೂ ಇವತ್ತಿಗೂ ಆ ಹರಕು ಪುಸ್ತಕಕ್ಕೆ ಕೈಮುಗಿಯಬೇಕು ಎನಿಸುತ್ತದೆ.

ಏಳು ವರ್ಷದ ಹಿಂದಿನ ಮಾತು. ನನ್ನ ಬಿ.ಎ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಗುಬ್ಬಿಯ ಅಂಚಿನಲ್ಲಿ ಎರಡು ರೂಮಿನ ಮನೆಯಲ್ಲಿ ನಾನು ಮತ್ತು ನನ್ನ ಚಿಕ್ಕಮ್ಮ ಇದ್ದೆವು. ಅಮ್ಮ ತೀರಿಕೊಂಡಾಗ ನನಗೆ ಐದು ವರ್ಷ. ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರು ಸೇರಿದರು. ಚಿಕ್ಕಮ್ಮ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅಜ್ಜಿಯೂ ಹೋದ ಮೇಲೆ ಅವಳಿಗೆ ನಾನು, ನನಗೆ ಅವಳು. ಕೊಬ್ಬರಿ ಶೆಡ್ಡಿನ ಕೆಲಸ ಮಾಡಿಯೇ ಅವಳು ನನ್ನನ್ನು ಓದಿಸಿದ್ದು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ನಾನು ಎಲ್ಲದಕ್ಕೂ ರೇಗಲು ಶುರು ಮಾಡಿದಾಗ, ಗೋಡೆ ಜೊತೆ ಜಗಳ ಆಡೋ ಬದಲು ನನ್ನ ಜೊತೆ ಬಾ ಎಂದು ಶೆಡ್ಡಿಗೆ ಕರೆದುಕೊಂಡು ಹೋದಳು.

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಗಂಡಸರು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ನಾರು ಸುಲಿದು ಕೊಡುತ್ತಾರೆ. ಹೆಂಗಸರು ನೆಲದಲ್ಲಿ ಸುತ್ತಲೂ ಕೂತು ಸಣ್ಣ ಮಚ್ಚಿನಿಂದ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಾರೆ. ಕೊಬ್ಬರಿ ಉಂಡೆಯಾಗಿ ಇಡಿಯಾಗಿ ಬರಬೇಕು, ಒಂದು ಗೀಟು ಬಿದ್ದರೂ ಅದನ್ನು ಬೇರೆ ರಾಶಿಗೆ ಹಾಕುತ್ತಾರೆ. ಚಿಕ್ಕಮ್ಮನ ಕೈಯಲ್ಲಿ ಚಿಪ್ಪು ನಾಲ್ಕೇ ಏಟಿಗೆ ಬಿಟ್ಟುಕೊಳ್ಳುತ್ತಿತ್ತು. ನಾನು ಒಡೆದರೆ ಹತ್ತರಲ್ಲಿ ಮೂರು ಕೊಬ್ಬರಿ ಹೋಳಾಗುತ್ತಿತ್ತು, ನಾಲ್ಕನೇದಕ್ಕೆ ನನ್ನ ಬೆರಳು. ಒಂದು ವಾರ ನೋಡಿದ ಮಾಲೀಕರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಆಗ ಅಲ್ಲಿದ್ದ ಹೆಂಗಸರೇ ಒಂದು ದಾರಿ ಹುಡುಕಿದರು. ಫೋನಿನಲ್ಲಿ ಸೀರಿಯಲ್ ಹಾಕಿಕೊಂಡರೆ ಕಣ್ಣು ಅತ್ತ ಹೋಗಿ ಕೈ ತಪ್ಪುತ್ತದೆ. ಹಾಡು ಎಷ್ಟು ಅಂತ ಕೇಳುವುದು? ಇವಳು ಡಿಗ್ರಿ ಓದಿದವಳು, ಏನಾದರೂ ಓದಿ ಹೇಳಲಿ, ಇವಳ ಪಾಲಿನ ಕಾಯಿ ನಾವು ಎಂಟು ಜನ ಹಂಚಿಕೊಂಡು ಬಿಡಿಸೋಣ ಎಂದು ತೀರ್ಮಾನಿಸಿದರು. ಯಾರೂ ನನ್ನನ್ನು ಕೇಳಲಿಲ್ಲ. ಸಾಯಂಕಾಲ ನನ್ನ ರಾಶಿಯೂ ಅವರ ರಾಶಿಯಷ್ಟೇ ಎತ್ತರ ಇರುತ್ತಿತ್ತು, ಒಂದೂ ಹೋಳಿಲ್ಲದೆ. ಇಂಥ ಉಪಕಾರವನ್ನು ಅವರು ಉಪಕಾರ ಅಂತ ಒಂದು ದಿನವೂ ಅನ್ನಲಿಲ್ಲ.

ಪುಸ್ತಕ ಸಿಕ್ಕಿದ್ದು ತುಮಕೂರಿನ ಫುಟ್‌ಪಾತಿನಲ್ಲಿ. ಶನಿವಾರ ಶನಿವಾರ ಅಲ್ಲಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿಸುವ ಟ್ಯಾಲಿ ಕ್ಲಾಸಿಗೆ ಹೋಗುತ್ತಿದ್ದೆ, ಹಾಗೇ ಬರುವಾಗ ಹಳೇ ಪುಸ್ತಕದ ಗುಡ್ಡೆಯಲ್ಲಿ ದಪ್ಪಗಿರುವುದನ್ನು ನೋಡಿ ಎತ್ತಿಕೊಂಡೆ. ದಪ್ಪ ಇದ್ದರೆ ತುಂಬ ದಿನ ಬರುತ್ತದೆ ಎನ್ನುವುದಷ್ಟೇ ನನ್ನ ಲೆಕ್ಕ. ರಟ್ಟು ಹರಿದಿತ್ತು, ಮೊದಲ ನಾಲ್ಕು ಪುಟ ಇರಲಿಲ್ಲ. ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕಥೆ ನಡೆಯುವುದು ಕಾರವಾರದಲ್ಲಿ. ಬಂದರಿನ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬಳು, ಹಡಗಿನ ಇಂಜಿನಿಯರ್ ಒಬ್ಬ. ಅವಳಿಗೆ ಮೂವತ್ತೈದು ದಾಟಿದೆ, ತಾಯಿತಂದೆ ಇಲ್ಲ, ಸಾಕಿ ಬೆಳೆಸಿದ ಒಬ್ಬ ತಂಗಿ ಇದ್ದಾಳೆ. ಅವನು ತನ್ನ ಜೊತೆ ಬಾ ಎನ್ನುತ್ತಾನೆ, ಅವಳು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ನಮ್ಮ ಶೆಡ್ಡಿನವರು ಯಾರೂ ಹಡಗು ನೋಡಿದವರಲ್ಲ. ಅಷ್ಟು ಕಬ್ಬಿಣ ನೀರ ಮೇಲೆ ಹೇಗೆ ನಿಲ್ಲುತ್ತದೆ ಎಂದು ಎರಡು ದಿನ ಚರ್ಚೆಯಾಯಿತು. ಸಮುದ್ರದ ವರ್ಣನೆ ಬಂದರೆ, ಆ ನೀರು ಗೀರೆಲ್ಲ ಬುಡು, ಅವ್ನು ಏನಂದ ಹೇಳು ಎನ್ನುತ್ತಿದ್ದರು. ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ಇದ್ದಳು, ಬಾಯಲ್ಲಿ ಸದಾ ಹೊಗೆಸೊಪ್ಪು. ಕಾದಂಬರಿಯ ಹೆಣ್ಣನ್ನು ತನ್ನ ಸೊಸೆಯೇನೋ ಎಂಬಂತೆ ಬೈಯುತ್ತಿದ್ದಳು. ಕಾರಿರುವ ಗಂಡು, ಸಿಗರೇಟು ಸೇದುವುದಿಲ್ಲ, ಇವಳಿಗೆ ಇನ್ನೇನು ಬೇಕಂತೆ ಎಂಬುದು ಅಜ್ಜಿಯ ವಾದ. ಬಾಕಿಯವರೆಲ್ಲ ಅಜ್ಜಿಯ ಕಡೆ. ಚಿಕ್ಕಮ್ಮ ಬಾಗಿಲ ಹತ್ತಿರ ಕೂರುತ್ತಿದ್ದಳು, ಅವಳು ಯಾವ ಕಡೆ ಎಂದು ಹೇಳಲಿಲ್ಲ.

ಅವಳು ಯಾಕೆ ಹೇಳಲಿಲ್ಲ ಎಂದು ಉಳಿದವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಚಿಕ್ಕಮ್ಮನಿಗೆ ಒಂದು ಸಂಬಂಧ ಬಂದಿತ್ತು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವರು. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಒಂದಷ್ಟು ತೆಂಗು, ರಾಗಿ ಬೆಳೆಯುವ ಹೊಲ. ಈ ಕಡೆ ಬಂದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ತಮ್ಮ ನೆಂಟರ ಹತ್ತಿರ ಉಳಿಯುತ್ತಿದ್ದರು, ಅಲ್ಲಿಯೇ ಅವಳನ್ನು ನೋಡಿ, ಮಾತಾಡಿ, ಪಕ್ಕದ ಮನೆಯವರ ಮೂಲಕ ಕೇಳಿಸಿದರು. ನಲವತ್ತೊಂದು ವರ್ಷದ ವಿಧವೆಗೆ ಮದುವೆಯೇ ಎಂದು ಒಬ್ಬಿಬ್ಬರು ಗೊಣಗಿದ್ದು ಬಿಟ್ಟರೆ ಬೀದಿಯವರೆಲ್ಲ ಒಳ್ಳೆಯದಾಯಿತು ಎಂದರು. ಚಿಕ್ಕಮ್ಮ ನೋಡೋಣ ಎಂದಳು. ತಿಂಗಳು ತಿಂಗಳು ನೋಡೋಣ ಎನ್ನುತ್ತಲೇ ಇದ್ದಳು. ಕೊತ್ತಗೆರೆಯವರು ಒತ್ತಾಯ ಮಾಡಲಿಲ್ಲ. ಯುಗಾದಿ ಮುಗಿಯುವುದರೊಳಗೆ ಏನಾದರೂ ಒಂದು ಹೇಳಿಕಳಿಸಿ, ಇಲ್ಲವೆಂದರೂ ಬೇಸರವಿಲ್ಲ ಎಂದಿದ್ದರು. ಯುಗಾದಿಗೆ ಎರಡೇ ವಾರ ಉಳಿದಿತ್ತು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ. ಅವಳು ನೋಡೋಣ ಎಂದಾಗಲೆಲ್ಲ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಬಾಯಲ್ಲಿ ಮಾತ್ರ, ನಿನ್ನಿಷ್ಟ, ನನಗೇನು ಎನ್ನುತ್ತಿದ್ದೆ. ನಿನ್ನಿಷ್ಟ ಎಂದರೆ ದೊಡ್ಡ ಮನಸ್ಸಿನ ಮಾತು ಎಂದುಕೊಂಡಿದ್ದೆ. ಬೆಳಗ್ಗೆ ಏಳುವಷ್ಟರಲ್ಲಿ ಬಿಸಿನೀರು, ತಿಂಡಿ, ಇಸ್ತ್ರಿ ಮಾಡಿದ ಚೂಡಿದಾರ ಎಲ್ಲವೂ ಅವಳ ಕೈಯಿಂದ ಆಗುತ್ತಿತ್ತು. ಅವಳು ಹೋದರೆ ನಾನು ಒಬ್ಬಳೇ ಆ ಮನೆಯಲ್ಲಿ ಏನು ಮಾಡಲಿ ಎನ್ನುವ ಭಯ ಒಂದು ಕಡೆ, ಅವಳು ನನ್ನನ್ನು ಬಿಟ್ಟು ಹೋಗುವ ಯೋಚನೆಯನ್ನಾದರೂ ಹೇಗೆ ಮಾಡಿದಳು ಎನ್ನುವ ಸಿಟ್ಟು ಇನ್ನೊಂದು ಕಡೆ. ಇಪ್ಪತ್ತೆರಡು ವರ್ಷದ ಕತ್ತೆ ನಾನು, ಎಂಟು ವರ್ಷದವಳ ಹಾಗೆ ಯೋಚಿಸುತ್ತಿದ್ದೆ.

ಆ ಶನಿವಾರಕ್ಕೆ ಕಾದಂಬರಿಯಲ್ಲಿ ಹದಿನೈದು ಪುಟ ಬಾಕಿ ಇತ್ತು. ಸೋಮವಾರ ಶೆಡ್ಡಿನಲ್ಲಿ ಮುಗಿಸಬೇಕು. ನಾನು ಮುಂದಿನದನ್ನು ಮೊದಲೇ ಓದುತ್ತಿರಲಿಲ್ಲ, ಅಷ್ಟು ಆಸಕ್ತಿಯೇ ಇರಲಿಲ್ಲ. ಅವತ್ತು ಫೋನಿನ ಚಾರ್ಜ್ ಮುಗಿದಿತ್ತು, ಬಸ್ಸು ಹೊರಡುವುದು ತಡವಾಯಿತು, ಕೈಚೀಲದಲ್ಲಿ ಪುಸ್ತಕವಿತ್ತು. ತೆಗೆದೆ.

ಅವನ ಹಡಗು ಹೊರಟುಹೋಗಿದೆ. ನೀನು ಒಂದು ಮಾತು ಬರೆದರೆ ಎಲ್ಲಿದ್ದರೂ ತಿರುಗಿ ಬರುತ್ತೇನೆ ಎಂದು ಹೇಳಿ ಹೋಗಿದ್ದಾನೆ. ಅವಳು ಬಾ ಎಂದು ಪತ್ರ ಬರೆಯುತ್ತಾಳೆ, ಮಡಿಸುತ್ತಾಳೆ, ವಿಳಾಸವನ್ನೂ ಬರೆಯುತ್ತಾಳೆ. ಅಷ್ಟರಲ್ಲಿ ತಂಗಿ ಕಾಲೇಜಿನಿಂದ ಬರುತ್ತಾಳೆ. ಪತ್ರವನ್ನು ಅಕ್ಕಿ ಡಬ್ಬದೊಳಗೆ ಸೇರಿಸಿ ಅಕ್ಕ ತಟ್ಟೆ ಇಡುತ್ತಾಳೆ. ಅಕ್ಕನ ಕಣ್ಣು ಕೆಂಪಾಗಿದೆ. ತಂಗಿ ಕಲಸಿ, ಒಂದು ತುತ್ತು ಬಾಯಿಗಿಟ್ಟು, ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಾಳೆ. ಅಕ್ಕ ಉಪ್ಪು ತರಲು ಎದ್ದು ಹೋಗುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯಿತು. ಪುಟ ಹರಿದಿದೆಯೇನೋ ಎಂದು ತಿರುಗಿಸಿ ನೋಡಿದೆ. ಹರಿದಿರಲಿಲ್ಲ. ಕೆಳಗೆ ಮುಗಿಯಿತು ಎಂದೇ ಅಚ್ಚಾಗಿತ್ತು.

ನನ್ನ ಎದೆಗೆ ಯಾರೋ ಗುದ್ದಿದ ಹಾಗಾಯಿತು. ಆ ಹೆಣ್ಣಿಗಾಗಿ ಅಲ್ಲ, ಹಡಗಿನವನಿಗಾಗಿ ಮೊದಲೇ ಅಲ್ಲ. ಕಥೆಯುದ್ದಕ್ಕೂ ಮೂಲೆಯಲ್ಲಿದ್ದ ಆ ತಂಗಿ, ಲೇಖಕರು ಒಂದು ಕೆಟ್ಟ ಮಾತೂ ಆಡದೆ ಬರೆದಿದ್ದ ಆ ತಂಗಿ, ನಾನೇ ಆಗಿದ್ದೆ. ಅವಳು ಕೆಟ್ಟವಳಲ್ಲ. ಅವಳು ಏನನ್ನೂ ಬೇಡ ಎನ್ನಲಿಲ್ಲ. ಬರೀ ಕೇಳಲಿಲ್ಲ. ಚಿಕ್ಕಮ್ಮನ ಕಣ್ಣು ಕೆಂಪಾಗಿದ್ದ ದಿನ ಇರಲಿಲ್ಲವೇ ಎಂದು ಯೋಚಿಸಿದೆ, ಹೋದ ತಿಂಗಳಲ್ಲೇ ಮೂರು ನಾಲ್ಕು ನೆನಪಾದವು. ಅವತ್ತೆಲ್ಲ ನಾನು ಏನು ತಿಂದೆ ಎಂಬುದೂ ನೆನಪಾಯಿತು. ಅಳು ಶುರುವಾದದ್ದು ಅಲ್ಲಿ. ತುಮಕೂರಿನ ಗುಬ್ಬಿ ಗೇಟಿನಲ್ಲಿ ಇಳಿಯಬೇಕಾದವಳು ಬಸ್‌ಸ್ಟ್ಯಾಂಡಿನವರೆಗೂ ಹೋಗಿಬಿಟ್ಟೆ. ಕಂಡಕ್ಟರ್ ಬಂದು, ಇಳೀರಿ ಮೇಡಂ, ಬಸ್ ಇಲ್ಲಿಗೇ ಲಾಸ್ಟು ಎಂದಾಗಲೇ ಎಚ್ಚರ. ಕ್ಲಾಸಿಗೆ ಹೋಗಲಿಲ್ಲ. ಅದೇ ಬಸ್ಸಿನಲ್ಲಿ ವಾಪಸ್ ಬಂದೆ.

ಬಂದ ಮೇಲೆ ಚಿಕ್ಕಮ್ಮನಿಗೆ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ಭಾನುವಾರವಿಡೀ ಅವಳ ಹಿಂದೆ ಮುಂದೆ ಸುತ್ತಾಡಿದೆ, ಪಾತ್ರೆ ತೊಳೆದೆ, ಜ್ವರ ಬಂದಿದೆಯೇನೋ ಎಂದು ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಸೋಮವಾರ ಶೆಡ್ಡಿನಲ್ಲಿ ಎಲ್ಲರೂ ಬೇಗ ಬಂದು ಕೂತಿದ್ದರು. ಹಡಗು ಹೋದದ್ದು, ಅವಳು ಪತ್ರ ಬರೆದದ್ದು ಓದಿದೆ. ತಂಗಿ ಬಾಗಿಲು ತೆರೆದು ಒಳಗೆ ಬರುವ ಸಾಲಿಗೆ ಬಂದು ಓದು ನಿಲ್ಲಿಸಿದೆ. ಮಚ್ಚಿನ ಸದ್ದು ಒಂದೊಂದಾಗಿ ನಿಂತಿತು. ಎಂಟು ಜನ ನನ್ನನ್ನೇ ನೋಡುತ್ತಿದ್ದರು. ಬಾಗಿಲ ಹತ್ತಿರ ಚಿಕ್ಕಮ್ಮ ಕೈಯಲ್ಲಿ ಒಂದು ಕಾಯಿ ಹಿಡಿದುಕೊಂಡು ಹಾಗೇ ಕೂತಿದ್ದಳು.

ಅಜ್ಜಿ ಕೇಳಿದಳು, “ಬಂದ್ನೇನೆ ಅವ್ನು?”

“ಬಂದ,” ಎಂದೆ.

ಅಂದುಬಿಟ್ಟೆ. ಇನ್ನು ಮುಂದಿನದನ್ನು ಹೇಳಲೇಬೇಕಲ್ಲ. ಪುಸ್ತಕವನ್ನು ಮುಖದ ಹತ್ತಿರ ಹಿಡಿದುಕೊಂಡು ಓದುವ ಹಾಗೆ ನಟಿಸುತ್ತ ಬಾಯಿಗೆ ಬಂದದ್ದು ಹೇಳಿದೆ. ಪತ್ರವನ್ನು ತಂಗಿಯೇ ಅಕ್ಕಿ ಡಬ್ಬದಲ್ಲಿ ನೋಡಿ, ತಾನೇ ಹೋಗಿ ಪೋಸ್ಟ್ ಮಾಡಿದಳು ಎಂದೆ. ಅವನು ಬಂದ ಎಂದೆ. ಹಡಗಿನವರು ಹೇಗೆ ಬರುತ್ತಾರೆಂದು ನನಗೆ ತಿಳಿಯದೆ, ಸರ್ಕಾರಿ ಬಸ್ಸಿನಲ್ಲಿ ಬಂದು ಇಳಿದ ಎಂದೆ. ಕಾರ್ ಇದ್ದೋನು ಬಸ್ಸಲ್ಲಿ ಯಾಕೆ ಬಂದ ಎಂದು ಅಜ್ಜಿ ಹಿಡಿದುಕೊಂಡಳು. ಮಾರಿದಾನೆ ಎಂದೆ. ಬಂದವನು ಅವಳಿಗೆ ಏನು ಹೇಳಿದ ಎಂದರು. ಅವನು ಮೊದಲು ತಂಗಿಯನ್ನು ಕರೆದು, ನಿಮ್ಮಕ್ಕನ್ನ ಕರ್ಕೊಂಡು ಹೋಗ್ಲಾ ಎಂದು ಕೇಳಿದ, ಅವಳು ಹೂಂ ಕರ್ಕೊಂಡು ಹೋಗಿ, ನಾನು ಚೆನ್ನಾಗಿರ್ತೀನಿ ಎಂದಳು ಎಂದೆ. ಅಷ್ಟು ಹೇಳುವುದರಲ್ಲಿ ನನಗೆ ಮತ್ತೆ ಅಳು ಬಂತು. ಅವರೂ ಅತ್ತರು. ಒಬ್ಬಳು ಮೂಗೊರೆಸಿಕೊಳ್ಳುತ್ತ, ಈ ಕೊನೇದೊಂದು ಚೆನ್ನಾಗಿ ಬರ್ದವ್ರೆ ಎಂದಳು. ಮಧ್ಯದಲ್ಲಿ ಸಮುದ್ರ ಜಾಸ್ತಿಯಾಯಿತು ಎಂದು ಇನ್ನೊಬ್ಬಳು.

ಆ ಲೇಖಕರಿಗೆ ನಾನು ಮಾಡಿದ್ದು ಅಪಚಾರವೇ. ಅವರ ಕೊನೆಯ ಪುಟದ ಮುಂದೆ ನನ್ನ ಬಸ್ಸು ಗಿಸ್ಸು ಏನೂ ಅಲ್ಲ. ಆದರೆ ಅವರು ಅಷ್ಟು ಚೆನ್ನಾಗಿ ಬರೆಯದೇ ಇದ್ದಿದ್ದರೆ ನಾನು ಆ ಸುಳ್ಳನ್ನು ಹೇಳುತ್ತಲೇ ಇರಲಿಲ್ಲ. ಎಲ್ಲಿದ್ದರೂ ಅವರು ಚೆನ್ನಾಗಿರಲಿ.

ಮರುದಿನ ಸಾಯಂಕಾಲ ಚಿಕ್ಕಮ್ಮ ಪಕ್ಕದ ಮನೆಗೆ ಹೋಗಿ, ಕೊತ್ತಗೆರೆಗೆ ಹೂಂ ಎಂದು ಹೇಳಿಕಳಿಸಿ ಎಂದು ಬಂದಳು. ನನಗೆ ಖುಷಿಯಾಯಿತು. ಭಯ ಹೋಗಿರಲಿಲ್ಲ, ಆದರೂ ನಿಜವಾಗಿ ಖುಷಿಯಾಯಿತು. ಯುಗಾದಿ ಮುಗಿದ ಮೇಲಿನ ಬುಧವಾರ ಕುಣಿಗಲ್ಲಿನಲ್ಲಿ ಅವರ ಕಡೆಯವರ ಮನೆಯಲ್ಲಿ ಸೇರಿ ಮಾತು ಮುಗಿಸುವುದು, ಆಮೇಲೆ ದೇವಸ್ಥಾನದಲ್ಲಿ ಸಣ್ಣದಾಗಿ ಮದುವೆ ಎಂದು ನಿಶ್ಚಯವಾಯಿತು.

ಹಬ್ಬದ ದಿನ ಬೆಳಗ್ಗೆ ನನ್ನ ತಲೆಗೆ ಎಣ್ಣೆ ತಿಕ್ಕುತ್ತಾ ಚಿಕ್ಕಮ್ಮ ತಾನಾಗಿಯೇ ಹೇಳಿದಳು. ನಮ್ಮ ಕಡೆ ಏನಾದರೂ ತೋಚದಿದ್ದರೆ ದೇವರ ಮುಂದೆ ಹೂ ಕೇಳುತ್ತೇವೆ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಕೊಂಡು ಕೈಮುಗಿದು ನಿಲ್ಲುವುದು, ದೇವರ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯಿಂದ ಬಿದ್ದರೆ ಬೇಡ. ಅವಳು ಮೂರು ಸೋಮವಾರ ಹೋಗಿ ನಿಂತಿದ್ದಳಂತೆ. ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ನಾಲ್ಕನೇ ಸೋಮವಾರ ಹೋಗಲು ನಾಚಿಕೆಯಾಗಿ, ಸರಿ, ಪುಸ್ತಕದಲ್ಲಿ ಅವನು ಬಂದರೆ ನಾನೂ ಹೂಂ ಅಂತೀನಿ, ಬರದಿದ್ದರೆ ಈ ಜನ್ಮಕ್ಕೆ ಇಷ್ಟೇ ಎಂದು ಅಂದುಕೊಂಡು ಶೆಡ್ಡಿನಲ್ಲಿ ಕೂತಿದ್ದಳಂತೆ. ಇದನ್ನು ಹೇಳಿ ಅವಳೇ ನಕ್ಕಳು. ಕೊಬ್ಬರಿ ಬಿಡಿಸುವವರ ಬುದ್ಧಿ ನೋಡು ಎಂದಳು.

ನನ್ನ ತಲೆಯ ಮೇಲಿನ ಎಣ್ಣೆ ತಣ್ಣಗಾಯಿತು. ಅವಳು ದೇವರಿಂದ ಕೇಳಿದ್ದನ್ನು ನಾನು ನನ್ನ ಬಾಯಿಂದ ಕೊಟ್ಟಿದ್ದೆ. ಪುಸ್ತಕದ ಮಾತು ಅವನು ಬರಲಿಲ್ಲ ಎಂದೇ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮದುವೆ ಆಗಿಹೋಗುತ್ತದೆ. ಆದರೆ ನಾಳೆ ಅವಳಿಗೆ ಅಲ್ಲಿ ಏನಾದರೂ ಕಷ್ಟವಾದರೆ? ಹೇಳಿದರೆ, ಅವಳು ಇಲ್ಲ ಎಂದು ಕೂತುಬಿಟ್ಟರೆ? ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಒಂದು ದಿನ ತಡೆದುಕೊಂಡೆ. ಎರಡನೇ ದಿನ ಮಧ್ಯಾಹ್ನ ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟು ಎಲ್ಲ ಹೇಳಿಬಿಟ್ಟೆ. ಅವನು ಬರಲಿಲ್ಲ ಎಂದೆ. ನಾನೇ ಸುಳ್ಳು ಹೇಳಿದ್ದು ಎಂದೆ. ನೀನು ಹೋಗುವುದು ನನಗೆ ಇಷ್ಟ ಇರಲಿಲ್ಲ, ಇದನ್ನು ಓದಿದ ಮೇಲೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು ಎಂದೂ ಹೇಳಿದೆ.

ಅವಳು ಪುಸ್ತಕ ಎತ್ತಿಕೊಂಡು ಎದ್ದಳು. ಹಿತ್ತಲ ಕಲ್ಲಿನ ಮೇಲೆ ಹೋಗಿ ಕೂತಳು. ಏಳನೇ ಕ್ಲಾಸಿನವರೆಗೆ ಓದಿದವಳು, ಸಾಲಿನ ಕೆಳಗೆ ಬೆರಳಿಟ್ಟು ಓದಬೇಕು. ಹದಿನೈದು ಪುಟಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಬೆರಳನ್ನೇ ನೋಡುತ್ತಿದ್ದೆ. ಕೊನೆಯ ಪುಟದಲ್ಲಿ ಬೆರಳು ನಿಂತಿತು. ಅಲ್ಲಿಂದಲೇ ಕೇಳಿದಳು, ದನಿಯಲ್ಲಿ ಸಿಟ್ಟಿರಲಿಲ್ಲ.

“ಇದ್ರಲ್ಲಿ ಇಲ್ದಿದ್ದನ್ನ ಯಾಕೆ ಹೇಳ್ದೆ?”

“ಅವ್ಳು ಹೋಗ್ಲಿ ಅನ್ನಿಸ್ತು,” ಎಂದೆ.

ಅವಳು ಪುಟದ ಮೇಲಿನ ಬೆರಳು ತೆಗೆದಳು. ಆಮೇಲೆ ಹೇಳಿದಳು, “ದೇವ್ರ ತಲೆ ಮೇಲಿನ ಹೂವನ್ನೂ ಯಾರೋ ಒಬ್ರು ಮುಡ್ಸಿರ್ತಾರೆ ಕಣೆ. ಗಟ್ಟಿಯಾಗಿ ಸಿಕ್ಕಿಸಿದ್ರೆ ಬೀಳಲ್ಲ, ಸಡ್ಲ ಬುಟ್ರೆ ಬೀಳ್ತದೆ. ನಾಲ್ಕು ತಿಂಗ್ಳಿಂದ ನೀನು ಗಟ್ಟಿಯಾಗಿ ಹಿಡ್ಕೊಂಡಿದ್ದೆ. ನಾನು ಕಾಯ್ತಾ ಇದ್ದಿದ್ದು ನೀನು ಸಡ್ಲ ಬುಡ್ಲಿ ಅಂತ.”

ನಾನು ಹೋಗಿ ಅವಳ ಪಕ್ಕ ಕೂತೆ. ಅವಳು ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟಳು. ಸೆರಗು ಸರಿಮಾಡಿಕೊಂಡು, ಬುಧವಾರ ಬೆಳಗ್ಗೆ ಕುಣಿಗಲ್ಲಿಗೆ ಎಷ್ಟು ಗಂಟೆಗೆ ಬಸ್ಸಿದೆ, ಸ್ಟ್ಯಾಂಡಿಗೆ ಹೋಗಿ ಕೇಳಿಕೊಂಡು ಬಾ ಎಂದಳು.